ತಲೆ ನೋಡುವ ಶಾಸ್ತ್ರ

ಹೆಲ್ಮೆಟ್ಟುಗಳೇ ತಮಗೆ ಬೇಕಾದ ತಲೆಯನ್ನು ಆರಿಸಿಕೊಳ್ಳುವ ಕಾಲ ಬಂದು ಎಷ್ಟೋ ವರ್ಷಗಳಾಗಿದ್ದವು. ಹೆಲ್ಮೆಟ್ ಒಪ್ಪದಿದ್ದರೆ ಬೈಕು ಸ್ಟಾರ್ಟ್ ಆಗುವುದಿಲ್ಲ, ಅಷ್ಟೇ. ಜೋಗಿಮಟ್ಟಿ ಬೆಟ್ಟದ ಕಲ್ಲುದಾರಿ ಹತ್ತಬೇಕೆಂದೇ ಬೈಕು ಕೊಂಡಿದ್ದ ಮೇದಿನಿ, ಎರಡು ಅಂಗಡಿಗಳಲ್ಲಿ ಬೇಡವೆನಿಸಿಕೊಂಡು, ಈಗ ಸೋದರತ್ತೆಯೊಂದಿಗೆ ಚಿತ್ರದುರ್ಗದ ಮೂರನೆಯ ಅಂಗಡಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಆ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೂ ಅತ್ತೆಯೇ.

ಮೇಜಿನ ಮೇಲಿದ್ದ ಹೆಲ್ಮೆಟ್ಟಿಗೆ ಹಣೆಯ ಮೇಲೊಂದು ಉದ್ದ ಕೊಕ್ಕು. ಡಾಂಬರಿಗೂ ಸೈ, ಕಾಡುದಾರಿಗೂ ಸೈ ಎನ್ನುವ ಜಾತಿ. ಅದು ಗಾಜು ಎತ್ತಿ ಅವಳನ್ನು ನೋಡಿತು.

“ಹುಡುಗಿ ಕನಸು ಗಿನಸು ಕಾಣ್ತಾಳಾ?”

“ಅಯ್ಯೋ, ಎಲ್ಲಾದ್ರೂ ಉಂಟಾ ಸ್ವಾಮಿ! ತಲೆ ಪೂರ್ತಿ ಖಾಲಿ,” ಎಂದರು ಅತ್ತೆ ಹೆಮ್ಮೆಯಿಂದ.

ಹೆಲ್ಮೆಟ್ಟಿಗೆ ಸಂತೋಷವಾಯಿತು. “ಹಾಗಾದ್ರೆ ನಂಗೆ ಒಪ್ಪಿಗೆ. ಒಂದೇ ಮಾತು, ಡಾಂಬರು ಬಿಟ್ಟು ಇಳಿಯೋ ಹಾಗಿಲ್ಲ. ಧೂಳು ನಂಗೆ ಆಗ್ಬರಲ್ಲ.”

ಮೇದಿನಿ ತಲೆಯೆತ್ತಿದಳು. “ಮತ್ತೆ ಈ ಕೊಕ್ಕು ಯಾತಕ್ಕೆ?”

“ಫೋಟೋದಲ್ಲಿ ಚೆನ್ನಾಗಿ ಬರುತ್ತಲ್ಲಮ್ಮ.”

“ಒಪ್ಕೊಂಡಿದ್ದೇ ಪುಣ್ಯ, ಹೂಂ ಅನ್ನೇ,” ಎಂದು ಅತ್ತೆ ಮೊಣಕೈಯಿಂದ ತಿವಿದರು.

ಮೇದಿನಿ ಎದ್ದು, ಜಡೆಯನ್ನು ಹಿಂದಕ್ಕೆ ಎಸೆದು ಕೈಮುಗಿದಳು. “ಮನೆಗೆ ಹೋಗಿ ತಿಳಿಸ್ತೀವಿ.”

ಬಂದವರಿಗೆಲ್ಲ “ಆಮೇಲೆ ತಿಳಿಸ್ತೀನಿ” ಎಂದೇ ಹೇಳಿ ಕಳಿಸಿದ್ದ ಹೆಲ್ಮೆಟ್ಟಿಗೆ ಅದರ ಅರ್ಥ ಚೆನ್ನಾಗಿಯೇ ಗೊತ್ತಿತ್ತು. ಅದು ಟಪ್ಪೆಂದು ಗಾಜು ಮುಚ್ಚಿಕೊಂಡಿತು.

ಹೊರಗೆ ಬಂದ ಅತ್ತೆ ಹಣೆ ಚಚ್ಚಿಕೊಂಡರು. “ಇನ್ನು ಬೆಟ್ಟಕ್ಕೆ ಹೆಂಗೆ ಹೋಗ್ತೀಯೇ, ನನ್ ತಾಯಿ?”

“ನಡ್ಕೊಂಡು ಅತ್ತೆ. ನನ್ ಕಾಲು ನನ್ನನ್ನ ಹುಟ್ದಾಗ್ಲೇ ಒಪ್ಕೊಂಡಿವೆ.”