ಸರಿಯದ ಹೆಬ್ಬೆರಳು

ನೀರು ಬಿದ್ದ ಶಹಾಬಾದ್ ಕಲ್ಲಿನ ವಾಸನೆ ನನಗೆ ಈಗಲೂ ಆಗಿಬರುವುದಿಲ್ಲ.

ಅಂದು ಮಧ್ಯಾಹ್ನ ಖಣಿಯಿಂದ ಉಣ್ಣಲು ಬಂದ ಅಪ್ಪ, ಮೈತುಂಬ ಕಲ್ಲಿನ ಪುಡಿ ಹೊತ್ತು ಅಂಗಳದ ಹಾಸುಗಲ್ಲಿನ ಮೇಲೆ ಕುಳಿತಿದ್ದ. ನಾನು ಶಾಲೆಯಲ್ಲಿ ಹೊಸದೊಂದು ಕಲಿತು ಬಂದಿದ್ದೆ.

"ಅಪ್ಪಾ, ಹೆಬ್ಬೆರಳು ಮುಂದ ಹಿಡಿ. ಒಂದೊಂದೇ ಕಣ್ಣು ಮುಚ್ಚಿ ನೋಡು, ಬೆರಳು ಆಚೀಚೆ ಸರೀತದ. ಎಷ್ಟು ಸರೀತದ ಅಂತ ನೋಡಿ ದೂರ ಅಳೀತಾರ, ಅದಕ್ಕ ಎರಡೂ ಕಣ್ಣು ಬೇಕು. ಆಕಾಶದಾಗಿನ ಚುಕ್ಕಿ ದೂರನೂ ಹಿಂಗೇ."

ಅಪ್ಪ ನಗುತ್ತ ಎಡಗಣ್ಣು ಮುಚ್ಚಿದ.

"ಸರೀತೇನು?"

"ಬೆರಳೇ ಕಾಣವಲ್ದವ್ವಾ" ಅಂದುಬಿಟ್ಟ.

ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. "ಕಣ್ಣಿಗೆ ಕಲ್ಲಿನ ಚೂರು ಸಿಡಿದಿದ್ದು ಆರಾಮ ಆಗ್ಯಾದ ಅಂದಿದ್ರಿ?"

"ಖಣಿಯಾಗ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ. ಸುಮ್ನಿರು."

ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಯಿತು. ಅಪ್ಪ ನೀರಿನ ಚರಿಗೆಗೆ ಕೈಚಾಚಿದ. ಕೈ ಒಂದು ಗೇಣು ಈಚೆಗೇ ಗಾಳಿಯನ್ನು ಹಿಡಿಯಿತು. ಮತ್ತೆ ಚಾಚಿದಾಗ ಚರಿಗೆ ಉರುಳಿ, ನೀರೆಲ್ಲ ಕಲ್ಲಿನ ಮೇಲೆ ಹರಿಯಿತು.