ಚಾಪೆಯ ಕೆಳಗೆ

ಮಾಸಿನಾಳ ಮನೆಯಂಗಳದಲ್ಲಿ ಚಾಪೆ ಹೊದ್ದು ಮಂಡಿಯೂರಿದ್ದವನು ಸೆಫೋ, ಅವಳ ಮಗನ ಮೇಲೆ ಲಾರಿ ಹರಿಸಿ ಕೊಂದವನು. ಸತ್ತವನ ಮನೆಯವರು ಚಾಪೆ ಎತ್ತಿದರೆ ಕ್ಷಮೆ, ಎತ್ತದಿದ್ದರೆ ಕತ್ತಿ. ಸಮೋವಾದ ಹಿರಿಯರ ಕಟ್ಟಳೆ ಅದು. ಅವಳ ತಮ್ಮ ತಾವಿತಾ ಕತ್ತಿ ಹಿಡಿದೇ ಬಂದಿದ್ದ.

"ಒಳಗ್ ಹೋಗಕ್ಕಾ, ನೀನ್ ನೋಡ್ಬೇಡ."

"ದೇವ್ರು ಇವನನ್ನೂ ಪ್ರೀತಿಸ್ತಾನೆ ಕಣೋ."

"ಅದನ್ನ ಭಾನುವಾರ ಚರ್ಚಲ್ಲಿ ಮಕ್ಕಳಿಗೆ ಹೇಳ್ಕೊಡು."

ಮಾಸಿನಾ ವರ್ಷಗಟ್ಟಲೆ ಹೇಳಿಕೊಟ್ಟಿದ್ದ ಮಾತು ಈಗ ಅವಳನ್ನೇ ಚುಚ್ಚಿತು. ಕ್ಷಮಿಸಲು ಅವಳಿಂದ ಆಗಲಿಲ್ಲ; ಚಾಪೆ ಎತ್ತಲು ಕೈ ಬರಲಿಲ್ಲ. ಆದರೆ ದೇವರು ಇವನ ಕೈ ಬಿಟ್ಟಿದ್ದರೆ, ಸತ್ತ ತನ್ನ ಮಗನ ಕೈ ಹಿಡಿದಿದ್ದಾನೆಂದು ನಂಬುವುದಾದರೂ ಹೇಗೆ? ಅವಳು ಮಂಡಿಯೂರಿ, ಚಾಪೆಯ ಅಂಚು ಸರಿಸಿ, ಸೆಫೋನ ಪಕ್ಕಕ್ಕೆ ನುಸುಳಿದಳು.

"ಅಕ್ಕಾ, ಹೊರಗ್ ಬಾ," ಎಂದ ತಾವಿತಾ.

ಅವಳು ಕದಲಲಿಲ್ಲ. ಕತ್ತಿ ಹಿಡಿದು ಚಾಪೆಯತ್ತ ಬರುತ್ತಿದ್ದ ತಮ್ಮನ ಹೆಜ್ಜೆಯೂ ನಿಲ್ಲಲಿಲ್ಲ.