ಹುಲಿಗೆಮ್ಮ ನೀರು ಕುಡಿಯುತ್ತಿರಲಿಲ್ಲ

ದೊಡ್ಡಬಸವನಿಗೆ ಸಮಾಜ ಪಾಠದ ಮೇಲೆ ಗೌರವ ಇರಲಿಲ್ಲ.

ಅವನೊಬ್ಬನಿಗೇ ಅಲ್ಲ... ಕೊಪ್ಪಳ ಕಡೆಯ ಆ ಪಾಲಿಟೆಕ್ನಿಕ್‌ನ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಯಾರಿಗೂ ಇರಲಿಲ್ಲ.

'ಸಮಾಜ ಮತ್ತು ವೈವಿಧ್ಯ' ಕಡ್ಡಾಯ ವಿಷಯ. ಪಾಸಾಗದಿದ್ದರೆ ಡಿಪ್ಲೊಮಾ ಇಲ್ಲ.

"ಲೇಥ್ ತಿರುಗ್ಸಾಕ ಇದ್ಯಾಕ ಬೇಕ್ರಿ ಮೇಡಂ?" ಎಂದು ಅವನು ಮೊದಲ ದಿನವೇ ಕೇಳಿದ್ದ.

"ಬ್ಯಾಡಾದ್ರ ಪರೀಕ್ಷೆ ಮುಗಿದ ಮ್ಯಾಲೆ ಮರತುಬಿಡಪಾ" ಎಂದಿದ್ದರು ನಸೀಮಾ ಮೇಡಂ. ಅವರು ಅತಿಥಿ ಉಪನ್ಯಾಸಕಿ. ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ.

ಒಂದು ದಿನ ಮೇಡಂ ಅಸೈನ್‌ಮೆಂಟ್ ಕೊಟ್ಟರು. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಒಂದು ದಿನ ಅವರಂತೆಯೇ ಇರಬೇಕು. ಅವರು ತಿಂದಾಗ ತಿನ್ನಬೇಕು, ಕುಡಿದಾಗ ಕುಡಿಯಬೇಕು... ಅವರು ಹೋಗಲಾಗದ ಕಡೆ ಹೋಗುವಂತಿಲ್ಲ.

ದೊಡ್ಡಬಸವನಿಗೆ ಬಂದ ಹೆಸರು ಹುಲಿಗೆಮ್ಮ. ಕ್ಲಾಸಿನ ಒಬ್ಬಳೇ ಹುಡುಗಿ.

"ಬಸ್ಯಾ, ನಾಳೆ ನಿನಗ ಅರ್ಧಾ ದಿನ ರಜಾ ಲೇ" ಎಂದಿತು ಹಿಂದಿನ ಬೆಂಚು.

ಆ ಮಾತಿಗೆ ಕಾರಣವಿತ್ತು. ಕಬ್ಬಿಣ ಕಡೆಯುವ ಲೇಥ್ ಮೇಲೆ ಅವಳಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಕ್ಲಾಸಿನಲ್ಲಿ ಇರಲಿಲ್ಲ. ಆದರೆ ಇಂಟರ್ವಲ್ ಆದಮೇಲೆ ಅವಳು ಹೊತ್ತಿಗೆ ಸರಿಯಾಗಿ ಬಂದದ್ದೇ ಅಪರೂಪ.

ಇಂಟರ್ವಲ್ ಮುಗಿದ ಬೆಲ್ ಹೊಡೆದ ಕೂಡಲೇ ವರ್ಕ್‌ಶಾಪ್ ನೋಡಿಕೊಳ್ಳುವ ಕಟ್ಟಿಮನಿ ಸರ್ ಬಾಗಿಲು ಹಾಕುತ್ತಿದ್ದರು. ಹುಲಿಗೆಮ್ಮ ಹೊರಗೆ... ಹಾಜರಾತಿ ಕೆಳಗೆ.

ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಎಚ್ಚರಿಕೆಯೂ ಬಂದಿತ್ತು. ಅವಳು ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಬ್ರಾಂಚ್‌ಗೆ ಹೋಗಲು ನಿರ್ಧರಿಸಿದ್ದಳು. ಅದಕ್ಕೆ ಆ ಶನಿವಾರವೇ ಕೊನೆಯ ದಿನ.

"ಮೇಡಂ, ಇವಗ ಬ್ಯಾರೆಯವ್ರನ್ನ ಕೊಡ್ರಿ" ಎಂದಳು ಹುಲಿಗೆಮ್ಮ, ಚೀಟಿಯ ಹೆಸರು ಕೇಳಿ. ಮೇಡಂ ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆಯೇ ವರ್ಕ್‌ಶಾಪ್‌ನ ತಗಡಿನ ಶೆಡ್ಡು ಬಿಸಿಲಿಗೆ ಕಾದಿತ್ತು. ಅವಳು ನೀರು ಕುಡಿಯಲಿಲ್ಲ. ಹಾಗಾಗಿ ಅವನೂ ಕುಡಿಯುವಂತಿರಲಿಲ್ಲ.

"ನೀರು ಕುಡಿಯವ್ವಾ ತಾಯಿ... ನಿನ್ನ ದೆಸಿಂದ ನನ್ನ ಗಂಟಲ ಒಣಗೇತಿ."

"ಇಂಟರ್ವಲ್ ಆಗ್ಲಿ."

ಗಂಟಲು ಒಣಗಿದ್ದೇನೋ ನಿಜ. ಆದರೆ ಹಾಸ್ಟೆಲ್‌ನಲ್ಲಿ ಕುಡಿದು ಬಂದ ಚಹಾ ತನ್ನ ಕೆಲಸ ಮಾಡಿತ್ತು. ಬೆಲ್ ಹೊಡೆದದ್ದೇ ತಡ, ಅವನು ಹುಡುಗರ ಜೊತೆ ಶೆಡ್ಡಿನ ಹಿಂದಿನ ಗೋಡೆಯ ಕಡೆ ಹೊರಟ.

"ಎಲ್ಲಿಗೆ?" ಎಂದಳು ಹುಲಿಗೆಮ್ಮ.

"ಒಂದಕ್ಕ."

"ಅಲ್ಲಿಗೆ ನಾ ಹೋಗಾಕ ಬರಂಗಿಲ್ಲ. ಇವತ್ತು ನಿನಗೂ ಬರಂಗಿಲ್ಲ."

ಅವನು ನಕ್ಕ... ಅರ್ಧಕ್ಕೇ ನಿಲ್ಲಿಸಿದ.

ಹುಡುಗಿಯರ ಶೌಚಾಲಯ ಇದ್ದದ್ದು ಗ್ರೌಂಡಿನ ಆಚೆ, ಆಫೀಸ್ ಕಟ್ಟಡದಲ್ಲಿ. ಇಡೀ ಕಾಲೇಜಿನ ಹುಡುಗಿಯರಿಗೆ ಅದೊಂದೇ.

ಬಿಸಿಲಲ್ಲಿ ಹಲ್ಲು ಕಚ್ಚಿಕೊಂಡು ಅವಳ ಹಿಂದೆ ನಡೆದ. ಪಕ್ಕದ ಗಂಡಸರ ಶೌಚಾಲಯಕ್ಕೆ ಹೋಗಿ ಬಂದಾಗಲೂ ಅವಳು ಸರದಿಯಲ್ಲೇ ನಿಂತಿದ್ದಳು. ಬೆಲ್ ಹೊಡೆಯಿತು. ಇಬ್ಬರೂ ಓಡಿ ಬಂದರು.

ಬಾಗಿಲು ಹಾಕಿತ್ತು.

"ಸರ್, ನಾನ್ರೀ... ಬಸವ."

"ಟೈಮ್ ಆತು" ಎಂದಿತು ಒಳಗಿನ ಧ್ವನಿ.

ಆ ಬಾಗಿಲಿನ ಹೊರಮೈ ಹೇಗಿದೆ ಎಂದು ದೊಡ್ಡಬಸವ ನೋಡಿದ್ದು ಅಂದೇ.

"ದಿನಾ ಹಿಂಗನಾ?"

"ಬಾಳ ದಿನ ಹಿಂಗ. ನೀರು ಕುಡದ್ರ ಮತ್ತ ಮತ್ತ ಹೋಗಬೇಕಾಗ್ತೈತಿ. ಅದಕ್ಕ ಕುಡಿಯಂಗಿಲ್ಲ. ಒಂದಕ್ಕ ಹೋಗುವಾಗ ಉರಿ ಹತ್ತಿ ದವಾಖಾನಿಗೆ ಹೋದ್ರ, ಡಾಕ್ಟರು ಚಲೋತ್ನ್ಯಾಗ ನೀರು ಕುಡಿ ಅಂದ್ರು."

"ಸರ್‌ಗ ಹೇಳಬೇಕಿಲ್ಲೋ?"

"ನಲವತ್ತು ಹುಡುಗ್ರ ಮುಂದ ಕೈ ಎತ್ತಿ ಏನಂತ ಹೇಳ್ಲಿ? ನೀ ಆಗಿದ್ರ ಹೇಳ್ತಿದ್ದೇನು?"

ದೊಡ್ಡಬಸವ ಮುಚ್ಚಿದ ಬಾಗಿಲಿನ ಕಡೆ ನೋಡಿ ಕೇಳಿದ, "ನಾಳೆ ಕ್ಲಾಸಿನ್ಯಾಗ ನಾ ಹೇಳ್ಲಾ?"

"ಹೇಳು. ಹೆಂಗೂ ಹೋಗಾಕಿ ನಾನು."

ಮರುದಿನ ಸಮಾಜ ಪಾಠದಲ್ಲಿ ಅವನು ಎದ್ದು ನಿಂತ.

"ಮೇಡಂ, ನಾ ತಿಳಕೊಂಡಿದ್ದು ಇಷ್ಟ. ಈ ಬ್ರಾಂಚ್‌ನಾಗ ಹುಡುಗಿ ಇರ್ಬೇಕಂದ್ರ ಆಕಿಗೆ ಒಂದಕ್ಕ ಬರಬಾರದು."

ನಗಲು ಬಾಯಿ ತೆರೆದವನೊಬ್ಬ ಹಾಗೆಯೇ ಮುಚ್ಚಿಕೊಂಡ.

ಮೇಡಂ ಭಾಷಣ ಮಾಡಲಿಲ್ಲ. ಕಟ್ಟಿಮನಿ ಸರ್ ಅವರನ್ನು ಕರೆತಂದು ಅದನ್ನೇ ಇನ್ನೊಮ್ಮೆ ಹೇಳಿಸಿದರು.

ಸರ್ ಹುಲಿಗೆಮ್ಮನ ಕಡೆ ತಿರುಗಿದರು.

"ಟೂಲ್ ರೂಮಿನ ಹಿಂದ ಒಂದು ಬಾತ್‌ರೂಮ್ ಐತಿ" ಎಂದರು. "ಗುಜರಿ ತುಂಬಿ ಕೀಲಿ ಹಾಕಿ ಎಷ್ಟು ವರ್ಷ ಆತೋ... ಕೀಲಿಕೈನೂ ಇಲ್ಲ. ಹ್ಯಾಕ್ಸಾ ತರ್ರಿ."

ಕಬ್ಬಿಣ ಕೊಯ್ಯಲು ಕಲಿತದ್ದು ಮೊದಲ ಸಲ ಕೆಲಸಕ್ಕೆ ಬಂತು. ಹುಡುಗರು ಬೀಗ ಕೊಯ್ದರು, ಗುಜರಿ ಹೊತ್ತು ಹಾಕಿದರು, ನಲ್ಲಿ ಜೋಡಿಸಿದರು, ಉಜ್ಜಿ ತೊಳೆದರು. ನೀರು ಬಂತು.

ಒಳಗಿನ ಚಿಲಕ ಮಾತ್ರ ತುಕ್ಕು ತಿಂದು ಹೋಗಿತ್ತು. ಹುಲಿಗೆಮ್ಮ ಏನೂ ಹೇಳದೆ ಲೇಥ್ ಮುಂದೆ ನಿಂತು ಹೊಸದೊಂದನ್ನು ಮಾಡಿದಳು. ತಾನೇ ಕೂರಿಸಿದಳು. ಒಳಗೆ ಹೋಗಿ ಹಾಕಿಕೊಂಡಳು.

ಬಹಳ ಹೊತ್ತು ಹೊರಗೆ ಬರಲಿಲ್ಲ... ಬಂದಾಗ ಕಣ್ಣುಗಳು ಕೆಂಪಾಗಿದ್ದವು.

"ಚಿಲಕ ಬರೋಬ್ಬರಿ ಕುಂತೈತಿ" ಎಂದಳು.

ಶನಿವಾರ ಬ್ರಾಂಚ್ ಬದಲಿಸುವ ಅರ್ಜಿ ಕೊಡದೆ, ಆಫೀಸಿನ ಕೌಂಟರ್ ಮುಚ್ಚುವ ಹೊತ್ತಿಗೆ ಅವಳು ವರ್ಕ್‌ಶಾಪ್‌ನಲ್ಲಿದ್ದಳು. ಎಲ್ಲರ ಎದುರು ಬಾಟಲಿ ಎತ್ತಿ ಗಟಗಟ ನೀರು ಕುಡಿದಳು.

ಆ ವರ್ಷ ಸಮಾಜ ಪಾಠದಲ್ಲಿ ದೊಡ್ಡಬಸವನಿಗೆ ಸಾಧಾರಣ ಅಂಕ ಬಂತು. ಅವನು ತಕರಾರು ಮಾಡಲಿಲ್ಲ.

*ನಮಗಿಲ್ಲದ ತೊಂದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ... ಇನ್ನೊಬ್ಬರ ದಾರಿಯಲ್ಲಿ ಒಂದು ದಿನ ನಡೆದರೆ ಬೀಳುತ್ತದೆ.*

ನಿಮ್ಮ ಕ್ಲಾಸಿನಲ್ಲಿ, ನಿಮ್ಮ ಆಫೀಸಿನಲ್ಲಿ ದಿನವೂ ತಡವಾಗಿ ಬರುವವರು ಎಲ್ಲಿಂದ ಬರುತ್ತಿದ್ದಾರೆ ಎಂದು ಎಂದಾದರೂ ಕೇಳಿದ್ದೀರಾ?

ಇನ್ನು ಆದ ನಷ್ಟ ಇಷ್ಟು... ಬೀಗ ಒಂದು. ಹ್ಯಾಕ್ಸಾ ಬ್ಲೇಡ್ ಎರಡು. ಹುಲಿಗೆಮ್ಮನಿಗಿಂತ ಮೊದಲು ಮೆಕ್ಯಾನಿಕಲ್ ಸೇರಿ ಬಿಟ್ಟುಹೋದ ಹುಡುಗಿಯರು ಮೂವರು.